ಜವಳಗೇರಾ ಶಿಷ್ಟಾಚಾರ: ಸುಭದ್ರ ವಿದ್ಯುನ್ಮಾನ ದಾಖಲೆ ವಿನಿಮಯದಲ್ಲಿ ಪ್ಲಾಸ್ಟಿಕ್ ಕವರಿನ ಪಾತ್ರ

ಸರ್ಕಾರದ ಒಂದು ಇಲಾಖೆಯಲ್ಲಿರುವ ದಾಖಲೆ ಇನ್ನೊಂದು ಇಲಾಖೆಗೆ ಯಾವ ಮಾಧ್ಯಮದ ಮೂಲಕ ತಲುಪುತ್ತದೆ ಎಂಬ ಪ್ರಶ್ನೆಗೆ ವಿದ್ವಾಂಸರು ಇದುವರೆಗೆ ಕೊಟ್ಟಿರುವ ಉತ್ತರಗಳು ಮೂರು: ಸರ್ವರ್, ಕ್ಲೌಡ್ ಮತ್ತು ಎಪಿಐ. ಮೂರೂ ತಪ್ಪು. ಇ-ಆಡಳಿತದ ವಿಚಾರ ಸಂಕಿರಣಗಳಲ್ಲಿ ಪರದೆಯ ಮೇಲೆ ಒಂದು ಚೌಕ ಬರುತ್ತದೆ, ಪಕ್ಕದಲ್ಲಿ ಇನ್ನೊಂದು ಚೌಕ, ನಡುವೆ ನೀಲಿ ಬಣ್ಣದ ಬಾಣ. ಚೌಕಗಳ ಬಗ್ಗೆ ಗಂಟೆಗಟ್ಟಲೆ ಮಾತಾಗುತ್ತದೆ, ಊಟಕ್ಕೆ ಬಿಡುತ್ತಾರೆ. ಬಾಣದ ಬಗ್ಗೆ ಯಾರೂ ಕೇಳುವುದಿಲ್ಲ. ಪ್ರಸ್ತುತ ಪ್ರಬಂಧಕಾರನ ಕ್ಷೇತ್ರಕಾರ್ಯದಿಂದ ನಿರ್ವಿವಾದವಾಗಿ ಸಿದ್ಧವಾಗಿರುವುದೇನೆಂದರೆ, ಆ ಬಾಣ ಒಬ್ಬ ಮನುಷ್ಯ. ಐವತ್ತು ದಾಟಿದವನು, ಹೆಗಲ ಮೇಲೆ ಟವೆಲ್, ಕೈಯಲ್ಲಿ ಗುಂಡಿ ಒತ್ತಿ ಮುಚ್ಚುವ ಪಾರದರ್ಶಕ ಪ್ಲಾಸ್ಟಿಕ್ ಕವರು.

ಈ ವಿದ್ಯಮಾನವನ್ನು ನಾವು 'ನಾಗರಿಕ-ವಾಹಿತ ಅಂತರಿಲಾಖಾ ಸುಭದ್ರ ದತ್ತಾಂಶ ಸಂವಹನ ಶಿಷ್ಟಾಚಾರ' ಎಂದು ಕರೆಯುತ್ತೇವೆ, ಸಂಕ್ಷಿಪ್ತವಾಗಿ ನಾ.ವಾ.ಅಂ.ಸು.ದ.ಸಂ.ಶಿ. ಓದುಗರ ಶ್ವಾಸಕೋಶದ ಹಿತದೃಷ್ಟಿಯಿಂದ ಇನ್ನು ಮುಂದೆ ಬರೀ 'ಬಾಣ' ಎಂದೇ ಅನ್ನೋಣ.

ಅಧ್ಯಯನ ಕ್ಷೇತ್ರವಾಗಿ ಜವಳಗೇರಾವನ್ನು ಆಯ್ದುಕೊಂಡದ್ದಕ್ಕೆ ವೈಧಾನಿಕ ಕಾರಣಗಳಿವೆ. ಇದು ಸಿಂಧನೂರಿನಿಂದ ರಾಯಚೂರಿಗೆ ಹೋಗುವ ರಸ್ತೆಯ ಮೇಲಿನ ಹೋಬಳಿ ಊರು, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಕೇಂದ್ರ ಸರ್ಕಾರದ ಬೀಜ ನಿಗಮದ ಫಾರ್ಮು ಇಲ್ಲೇ ಇದೆ. ಬೀಜದ ಚೀಲಕ್ಕೆ ಒಮ್ಮೆ ಪ್ರಮಾಣೀಕರಣದ ಟ್ಯಾಗ್ ಕಟ್ಟಿದರೆ ಮುಗಿಯಿತು, ದೇಶದ ಯಾವ ಮೂಲೆಯಲ್ಲೂ ಅದನ್ನು ನಂಬುತ್ತಾರೆ. ಅದೇ ಊರಿನಲ್ಲಿ ಹುಟ್ಟಿದ ಮನುಷ್ಯನಿಗೆ ಈ ಸೌಲಭ್ಯ ಇನ್ನೂ ವಿಸ್ತರಣೆಯಾಗಿಲ್ಲ.

ಪೂರ್ವಸೂರಿಗಳು

ಗೂಢಲಿಪೀಕರಣ ಎಂಬುದು ಕಂಪ್ಯೂಟರ್ ಜೊತೆ ಬಂದದ್ದೆಂದು ಭಾವಿಸುವವರು ರಾಯಚೂರು ಜಿಲ್ಲೆಯ ಹಳೇ ರೆಕಾರ್ಡ್ ರೂಮು ನೋಡಿಲ್ಲ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಸೇತ್ವಾರ್, 1954-55ರ ಖಾಸ್ರಾ ಪಹಣಿ ಇತ್ಯಾದಿ ದಾಖಲೆಗಳು ಇಂದಿಗೂ ಜಮೀನಿನ ಜಗಳಗಳಲ್ಲಿ ಎದ್ದು ಬರುತ್ತವೆ. ಹಳೆಯವು ಉರ್ದುವಿನಲ್ಲಿ, ಅದೂ ಒಂದಕ್ಷರ ಇನ್ನೊಂದರ ಮೇಲೆ ಮಲಗಿದಂಥ ಅವಸರದ ಕೈಬರಹದಲ್ಲಿವೆ. ಯಾರ ಹೊಲದ ಕಾಗದವೋ ಆ ರೈತನಿಗೆ ಮಾತ್ರ ಅದು ಓದಲು ಬರುತ್ತಿರಲಿಲ್ಲ. ಸುಭದ್ರತೆಯ ಈ ಮಟ್ಟವನ್ನು ಆಧುನಿಕ ವಿಜ್ಞಾನ ಇನ್ನೂ ಮುಟ್ಟಬೇಕಿದೆ.

ಇದರ ನಂತರದ ಘಟ್ಟ 'ಭೂಮಿ' ಯೋಜನೆ. ಇಲ್ಲಿ ಅಣಕಕ್ಕೆ ಆಸ್ಪದ ಕಡಿಮೆ, ಹಾಗಾಗಿ ಬೇಗ ದಾಟುತ್ತೇವೆ. 2002ರ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. 15 ರೂಪಾಯಿಗೆ ಕಿಟಕಿಯಲ್ಲಿ ಪಹಣಿ ಸಿಗತೊಡಗಿತು. ಅದಕ್ಕೂ ಮುಂಚೆ ಅದೇ ಹಾಳೆಗಾಗಿ ಯಾರ ಮನೆ ಮುಂದೆ, ಎಷ್ಟು ಹೊತ್ತು, ಏನು ಹಿಡಿದುಕೊಂಡು ನಿಲ್ಲಬೇಕಿತ್ತು ಎಂಬುದು ಹಿರಿಯರಿಗೆ ನೆನಪಿದೆ. ಅದು ನಿಜವಾಗಿ ಒಳ್ಳೆಯ ಕೆಲಸ. ಪ್ರಬಂಧದ ಧಾಟಿ ಕೆಡುತ್ತಿದೆ, ಮುಂದೆ ಹೋಗೋಣ.

ಅಶೋಕನ ಪ್ರಕರಣ, ಅಥವಾ ನಾಮ-ಅಸಾಂಗತ್ಯ ಸಿದ್ಧಾಂತ

ಹೆಸರು ತಾಳೆಯಾಗದಿರುವ ಸಮಸ್ಯೆಯ ಅತ್ಯಂತ ಪ್ರಾಚೀನ ದಾಖಲಿತ ಪ್ರಕರಣ ನಮ್ಮ ನೆರೆಯ ಮಸ್ಕಿಯದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕ ಹೆಸರು ದೇವಾನಾಂಪ್ರಿಯ, ಪ್ರಿಯದರ್ಶಿ. ಅಶೋಕ ಎಂಬ ಅರ್ಜಿದಾರ ಎಲ್ಲೂ ಇಲ್ಲ. ಇಬ್ಬರೂ ಒಬ್ಬರೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರೇ ಹೊರತು, ಕೌಂಟರಿನ ಭಾಷೆಯಲ್ಲಿ ಹೇಳಬೇಕೆಂದರೆ, ಪ್ರೂಫ್ ಇರಲಿಲ್ಲ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಇಂಜಿನಿಯರ್ ಬೀಡನ್ ಮಸ್ಕಿಯ ಬೆಟ್ಟದಲ್ಲಿ ಕಂಡ ಬಂಡೆಯ ಮೇಲೆ ಬಿರುದು ಮತ್ತು ಅಶೋಕ ಎಂಬ ಹೆಸರು ಎರಡೂ ಒಟ್ಟಿಗೆ ಇದ್ದವು. ಕಡತ ವಿಲೇವಾರಿಯಾಗಲು ಹಿಡಿದ ಅವಧಿ 78 ವರ್ಷ. ಅರ್ಜಿದಾರ ಚಕ್ರವರ್ತಿಯಾಗಿದ್ದರಿಂದ ಇಷ್ಟು ಬೇಗ ಆಯಿತು ಎಂದು ಕಾಣುತ್ತದೆ.

ಮಸ್ಕಿ ಈಗ ಸ್ವತಃ ತಾಲ್ಲೂಕು ಕೇಂದ್ರ. ಇಂದಿನ ಅರ್ಜಿದಾರ ಪಹಣಿಯಲ್ಲಿ ಹನುಮಪ್ಪ, ರೇಷನ್ ಕಾರ್ಡಿನಲ್ಲಿ ಹನಮಂತಪ್ಪ, ಆಧಾರದಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಿ ಬಂದ ಇನ್ನೇನೋ ಒಂದು. ಮೂರೂ ಹೆಸರು ಬರೆದದ್ದು ಸರ್ಕಾರದ ಕೈಗಳೇ. ಆತ ಎಲ್ಲೂ ಬರೆದಿಲ್ಲ, ಯಾರೋ ಕೇಳಿದರು, ಹೇಳಿದ. ಆದರೆ ಮೂವರೂ ನಾನೊಬ್ಬನೇ ಎಂದು ಛಾಪಾ ಕಾಗದದ ಮೇಲೆ ನೋಟರಿ ಮುಂದೆ ಪ್ರಮಾಣ ಮಾಡಬೇಕಾದವನು ಆತ. ಆ ಅಫಿಡವಿಟ್ಟಿನ ಛಾಪಾ ಶುಲ್ಕ 2024ರಲ್ಲಿ 20 ರೂಪಾಯಿಯಿಂದ 100ಕ್ಕೆ ಏರಿತು. ಬರೆಯುವವನ ತಪ್ಪಿಗೆ ಓದಲಾರದವನಿಂದ ದಂಡ ವಸೂಲಿ ಮಾಡುವ ಈ ಪದ್ಧತಿಗೆ ಹೆಸರಿಡಲು ಹೋಗಿ ಸೋತಿದ್ದೇವೆ. ಸಂಸ್ಕೃತದಲ್ಲೂ ಅಷ್ಟು ದೊಡ್ಡ ಸಮಾಸ ಆಗುವುದಿಲ್ಲ.

ಪ್ರಕರಣ ಅಧ್ಯಯನ: ಎಚ್‌ಕೆ ಸರ್ಟಿಫಿಕೇಟು

ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಪ್ರಕಾರ ಈ ಭಾಗದ ಮಕ್ಕಳಿಗೆ ಸೀಟಿನಲ್ಲೂ ನೌಕರಿಯಲ್ಲೂ ಮೀಸಲು ಉಂಟು. ಬಹಳ ಜನ ಬಹಳ ವರ್ಷ ಹೋರಾಡಿ ಪಡೆದದ್ದು. ಈ ಸೀಮೆಯವರೇ ಎಂಬ ಅರ್ಹತಾ ಪತ್ರವನ್ನು ಸಹಾಯಕ ಆಯುಕ್ತರು ಕೊಡಬೇಕು. 2019ರಲ್ಲಿ ಹೈದರಾಬಾದ್ ಕರ್ನಾಟಕ ಸೀಮೆಯ ಹೆಸರು ಕಲ್ಯಾಣ ಕರ್ನಾಟಕವಾಯಿತು, ಜನರ ಬಾಯಲ್ಲಿ ಸರ್ಟಿಫಿಕೇಟು ಮಾತ್ರ ಎಚ್‌ಕೆ ಆಗಿಯೇ ಉಳಿದಿದೆ. ಅರ್ಜಿ ಆನ್‌ಲೈನ್. ಹೋಬಳಿಯ ನಾಡಕಚೇರಿ ಇರುವುದು ಜವಳಗೇರಾದಲ್ಲಿ, ತಹಶೀಲ್ದಾರರು ಸಿಂಧನೂರಿನಲ್ಲಿ, ಉಪವಿಭಾಗ ಲಿಂಗಸುಗೂರಿನಲ್ಲಿ. ಜಾಲದ ಭೂಗೋಳ ಇಷ್ಟು.

ಬೆಳಕಿನ ವೇಗದಲ್ಲಿ ಲಾಗಿನ್‌ನಿಂದ ಲಾಗಿನ್‌ಗೆ ಹಾರಬೇಕಾದ ಈ ಅರ್ಜಿಯ ಹಿಂದೆ ಬಾಣವೂ ಹೊರಡುತ್ತದೆ, ಕೆಂಪು ಬಸ್ಸಿನ ವೇಗದಲ್ಲಿ. ಮಗಳ ಕೌನ್ಸೆಲಿಂಗ್ ತಾರೀಕು ತಲೆಯಲ್ಲಿ ಗಿರಗಿರ ತಿರುಗುತ್ತಿರುತ್ತದೆ. "ಯಾರ ಲಾಗಿನ್ನಾಗ ಪೆಂಡಿಂಗ್ ಐತಿ ಅಂತ ಕೇಳಿಕೊಂಡು ಬರ್ರಿ" ಎಂದು ಒಂದು ಕಿಟಕಿ. "ನಮ್ಮ ಕಡಿಂದ ಕಳಿಸೀವ್ರೀ" ಎಂದು ಇನ್ನೊಂದು ಕಿಟಕಿ. ಕವರಿನಲ್ಲಿ ಏನಿದೆ? ಆಧಾರ್, ರೇಷನ್ ಕಾರ್ಡು, ಅಂಕಪಟ್ಟಿ, ವ್ಯಾಸಂಗ ಪತ್ರ. ಆಧಾರ್ ಕೊಟ್ಟದ್ದು ಸರ್ಕಾರ. ರೇಷನ್ ಕಾರ್ಡು ಕೊಟ್ಟದ್ದು ಸರ್ಕಾರ. ಅಂಕಪಟ್ಟಿ ಕೊಟ್ಟದ್ದು ಸರ್ಕಾರದ ಮಂಡಳಿ. ತಾನು ಕೊಟ್ಟದ್ದನ್ನು ತನಗೇ ತೋರಿಸು ಎಂದು ಸರ್ಕಾರ ಕೇಳುತ್ತದೆ. ತೋರಿಸಿದ ಮೇಲೆ, ಇದು ನಿಜವೇ ಎಂದೂ ಕೇಳುತ್ತದೆ.

ಡಿಜಿಟಲ್ ಸಹಿಯ ಜನನ ಮತ್ತು ಮರಣ

ಡಿಜಿಟಲ್ ಸಹಿ ಎಂದರೆ ಸಹಿಯ ಫೋಟೋ ಎಂದುಕೊಂಡವರಿಗಾಗಿ ಸ್ವಲ್ಪ ವಿವರಣೆ. ಕಡತದ ಇಡೀ ಪಠ್ಯವನ್ನು ಗಣಿತದ ಗಾಣಕ್ಕೆ ಹಾಕಿ ಒಂದು ಚಿಕ್ಕ ಸಾರಸಂಖ್ಯೆ ಹಿಂಡುತ್ತಾರೆ. ಅದಕ್ಕೆ ಅಧಿಕಾರಿಯ ಖಾಸಗಿ ಕೀಲಿಯಿಂದ ಬೀಗ. ಯಾರು ಬೇಕಾದರೂ ಸಾರ್ವಜನಿಕ ಕೀಲಿಯಿಂದ ತೆರೆದು ತಾಳೆ ನೋಡಬಹುದು; ಒಂದು ಅಲ್ಪವಿರಾಮ ಬದಲಾಗಿದ್ದರೂ ತಾಳೆಯಾಗದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 5ನೇ ಕಲಮು ಇದಕ್ಕೆ ಕೈಸಹಿಯಷ್ಟೇ ಬೆಲೆ ಕೊಟ್ಟಿದೆ. 2015ರಲ್ಲಿ ಬಂದ ಡಿಜಿಲಾಕರ್‌ನಲ್ಲಿ ಇಲಾಖೆಗಳೇ ನೀಡಿದ ದಾಖಲೆಗಳು ಮೂಲ ಪ್ರತಿಗೆ ಸಮ ಎಂದು 2017ರ ನಿಯಮ ಹೇಳಿದೆ. ಅದ್ಭುತವಾದ ವಿದ್ಯೆ. ಒಂದೇ ಷರತ್ತು: ಈ ಸಹಿ ಬದುಕುವುದು ಕಡತದೊಳಗೆ ಮಾತ್ರ. ಪ್ರಿಂಟ್ ತೆಗೆದ ಕ್ಷಣ ಗಣಿತ ಹೋಗಿ ಮಸಿ ಉಳಿಯುತ್ತದೆ.

ಆದ್ದರಿಂದ ನಮ್ಮಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಪ್ರಿಂಟ್ ತೆಗೆಯುವುದು. ಹಾಗೆ ತೆಗೆದ ಹಾಳೆಯಲ್ಲಿ ಹಲವು ಸಲ ಹಳದಿ ಪ್ರಶ್ನಾರ್ಥಕ ಚಿಹ್ನೆಯೂ, 'ಸಹಿ ಪರಿಶೀಲನೆಯಾಗಿಲ್ಲ' ಎಂಬ ಇಂಗ್ಲಿಷ್ ವಾಕ್ಯವೂ ಅಚ್ಚಾಗಿ ಬರುತ್ತವೆ. ತಪ್ಪು ಪತ್ರದ್ದಲ್ಲ. ಸೈಬರ್ ಅಂಗಡಿಯ ಕಂಪ್ಯೂಟರಿಗೆ ಭಾರತದ ಪ್ರಮಾಣೀಕರಣ ಪ್ರಾಧಿಕಾರವನ್ನು ನಂಬು ಎಂದು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ. ಆದರೆ ಕಿಟಕಿಯಲ್ಲಿ ಕೂತವರು ಅದನ್ನು ನೋಡಿ ಹುಬ್ಬು ಗಂಟಿಕ್ಕುತ್ತಾರೆ. "ಇದರ ಜೆರಾಕ್ಸ್ ಮಾಡಿಸಿ ಗೆಜೆಟೆಡ್ ಆಫೀಸರ್ ಕಡಿಂದ ಅಟೆಸ್ಟ್ ಮಾಡಿಸಿಕೊಂಡು ಬರ್ರಿ." ಹೀಗೆ ಸತ್ತ ಸಹಿಯ ನೆರಳಚ್ಚಿಗೆ ಜೀವಂತ ಅಧಿಕಾರಿಯೊಬ್ಬರು ಹಸಿರು ಮಸಿಯಲ್ಲಿ ಸಾಕ್ಷಿ ಹಾಕುತ್ತಾರೆ. ಪತ್ರ ಅಸಲಿಯೋ ನಕಲಿಯೋ ಎಂದು ಮೊಬೈಲಿನಿಂದಲೇ ತಿಳಿಯಲಿ ಎಂದು ಮೂಲೆಯಲ್ಲಿ ಕ್ಯೂಆರ್ ಕೋಡ್ ಇಟ್ಟಿರುತ್ತಾರಲ್ಲ, ರೌಂಡ್ ಸೀಲು ಬೀಳುವುದು ಸರಿಯಾಗಿ ಅದರ ಮೇಲೆ.

ಸುಭದ್ರತೆಯ ಪಂಚಸ್ತರಗಳು

ಸುಭದ್ರತೆಯನ್ನು ನಾವು ಐದು ಸ್ತರಗಳಾಗಿ ವಿಂಗಡಿಸಿದ್ದೇವೆ.

ಮೊದಲನೆಯದು ಶ್ರಾವ್ಯ ಸ್ತರ. ಆಧಾರಕ್ಕೆ ಜೋಡಿಸಿದ ನಂಬರು ಮಗನದು, ಮಗ ಬೆಂಗಳೂರಿಗೆ ದುಡಿಯಾಕ ಹೋಗ್ಯಾನ. ಓಟಿಪಿ ಅವನ ಜೇಬಿನಲ್ಲಿ ಗುಂಯ್ ಅನ್ನುತ್ತದೆ. ಅವನು ಸೆಂಟ್ರಿಂಗ್ ಮೇಲೆ ನಿಂತಿದ್ದಾನೆ. ತಂದೆ ಇಲ್ಲಿಂದ ಕೂಗುತ್ತಾನೆ: "ಏ ತಮ್ಮಾ, ಈಗ ಮೆಸೇಜ್ ಬಂತೇನ್ ನೋಡು... ಹಾಂ, ಹೇಳು... ನಾಕು... ಏಳು..." ಗುಪ್ತಸಂಖ್ಯೆಯನ್ನು ಇಡೀ ಸಾಲು ಕೇಳಿಸಿಕೊಳ್ಳುತ್ತದೆ, ಒಬ್ಬಿಬ್ಬರು ತಿದ್ದುತ್ತಾರೆ, ಆಪರೇಟರು ಹೊಡೆಯುತ್ತಾನೆ. ಯಾರೊಂದಿಗೂ ಹಂಚಿಕೊಳ್ಳಬೇಡಿ ಎಂಬ ಎಚ್ಚರಿಕೆಯೂ ಅದೇ ಮೆಸೇಜಿನಲ್ಲಿರುತ್ತದೆ. ಅದನ್ನು ಮಾತ್ರ ಯಾರೂ ಗಟ್ಟಿಯಾಗಿ ಓದುವುದಿಲ್ಲ.

ಎರಡನೆಯದು ಅವರೋಹಣ ಸ್ತರ. "ವಾಟ್ಸಾಪ್ ಮಾಡ್ರಿ, ಪ್ರಿಂಟ್ ತಗೀತೀನಿ" ಎನ್ನುವ ಅಂಗಡಿಯ ಕಂಪ್ಯೂಟರಿನಲ್ಲಿ ಡೌನ್‌ಲೋಡ್ಸ್ ಎಂಬ ಫೋಲ್ಡರಿದೆ. ಇಡೀ ಊರಿನ ಆಧಾರ್, ಪಾಸ್‌ಬುಕ್ಕು, ಜಾತಿ, ಆದಾಯ, ಮದುವೆ, ಮರಣ ಅದರಲ್ಲಿವೆ. ದೇಶದ ಯಾವ ದತ್ತಾಂಶ ಕೇಂದ್ರವೂ ಇಷ್ಟು ಸಮಗ್ರವಾಗಿಲ್ಲ. ರಕ್ಷಣೆ? ಸಂಜೆ ಶಟರ್ ಎಳೆಯುತ್ತಾರೆ.

ಮೂರನೆಯದು ಡಾಂಗಲ್ ಸ್ತರ: ಡಿಜಿಟಲ್ ಸಹಿಯ ಕೀಲಿ ಸಾಹೇಬರದು, ಕೈ ಇನ್ನೊಬ್ಬರದು. ಇಷ್ಟೇ ಸಾಕು.

ನಾಲ್ಕನೆಯದು ಬೆರಳು. ಇಲ್ಲಿಗೆ ಬಂದಾಗ ವರ್ಗೀಕರಣ ನಿಲ್ಲಿಸಬೇಕೆನಿಸುತ್ತದೆ. ಭತ್ತದ ನಾಟಿಗೆ ಹೋಗುವ ಹೆಣ್ಣುಮಕ್ಕಳು ಹೊತ್ತು ಹುಟ್ಟಿದಾಗಿನಿಂದ ಕೆಸರಿನಲ್ಲಿ ಬಾಗಿ ಕೈ ಆಡಿಸುತ್ತಾರೆ. ಹೆಬ್ಬೆರಳಿನ ಗೆರೆ ಸವೆದು ಹೋಗಿರುತ್ತದೆ. ರೇಷನ್ ಅಂಗಡಿಯ ಮಷಿನ್ ಮೇಲೆ ಇಟ್ಟರೆ ತಾಳೆಯಾಗುವುದಿಲ್ಲ. ಕೈ ತೊಳೆದುಕೊಂಡು ಬಾ, ಒರೆಸಿಕೊಂಡು ಬಾ, ಎಣ್ಣೆ ಹಚ್ಚಿಕೊಂಡು ಬಾ, ನಾಳೆ ಬಾ. ತನ್ನ ಪಾಲಿನ ಅಕ್ಕಿಗೆ ತಾನೇ ತಾನೆಂದು ರುಜುವಾತು ಮಾಡಲಾರದೆ ನಿಂತ ಹೆಂಗಸಿನ ಮುಖ ನೋಡಿದವರು ಸುಭದ್ರತೆ ಎಂಬ ಮಾತನ್ನು ಅಷ್ಟು ಸಲೀಸಾಗಿ ಆಡಲಾರರು. ಇನ್ನು ಆ ಕಡೆ ನೋಡಿ. 2023ರಲ್ಲಿ ನಮ್ಮ ರಾಜ್ಯದಲ್ಲಿ ಕಳ್ಳರು ನೋಂದಾಯಿತ ಕ್ರಯಪತ್ರಗಳನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಇಳಿಸಿಕೊಂಡು, ಅದರಲ್ಲಿದ್ದ ಆಧಾರ್ ಸಂಖ್ಯೆಯನ್ನೂ ಹೆಬ್ಬೆಟ್ಟಿನ ಗುರುತನ್ನೂ ನಕಲು ಮಾಡಿ, ಜನರ ಖಾತೆಯಿಂದ ಹಣ ಎತ್ತಿದರು. ಪೊಲೀಸ್ ಕೇಸುಗಳಾದವು. ಆಮೇಲೆ ಇಲಾಖೆ ಆ ಗುರುತುಗಳನ್ನು ಮರೆಮಾಡಿತು. ಮನೆ ಕೊಂಡವರು ಮಾಡಿದ ತಪ್ಪು ಸರ್ಕಾರ ಕೇಳಿದಲ್ಲಿ ಹೆಬ್ಬೆಟ್ಟು ಒತ್ತಿದ್ದು. ಅಸಲಿ ಬೆರಳನ್ನು ಯಂತ್ರ ಒಪ್ಪುವುದಿಲ್ಲ, ಅಂಟಿನಲ್ಲಿ ಎರಕ ಹೊಯ್ದ ಬೆರಳನ್ನು ಒಪ್ಪುತ್ತದೆ. ಯಾರಿಂದ ಯಾರನ್ನು ಕಾಪಾಡಲು ಕಟ್ಟಿದ್ದು ಇದು?

ಐದನೆಯ ಸ್ತರ ಏನಿತ್ತೋ, ಈಗ ಬೇಡ.

ಎಸ್ಟೋನಿಯಾ ಎಂಬ ದೇಶವಿದೆ. ಜನಸಂಖ್ಯೆ ಹದಿಮೂರು ಲಕ್ಷ ಚಿಲ್ಲರೆ. ನಮ್ಮ ರಾಯಚೂರು ಜಿಲ್ಲೆಯೇ 2011ರ ಜನಗಣತಿಯಲ್ಲಿ ಹತ್ತೊಂಬತ್ತು ಲಕ್ಷ ದಾಟಿತ್ತು. 2001ರಿಂದ ಅಲ್ಲಿ ಎಕ್ಸ್-ರೋಡ್ ಎಂಬ ವ್ಯವಸ್ಥೆಯಿದೆ. ಒಂದು ಇಲಾಖೆಯ ದತ್ತಾಂಶ ಇನ್ನೊಂದಕ್ಕೆ ಬೀಗಮುದ್ರೆಯೊಂದಿಗೆ ನೇರ ಹೋಗುತ್ತದೆ, ಯಾರು ಏನು ಕೇಳಿದರು ಎಂಬುದು ದಾಖಲಾಗುತ್ತದೆ. ಪ್ರಜೆ ಒಮ್ಮೆ ಕೊಟ್ಟ ಮಾಹಿತಿಯನ್ನು ಮತ್ತೆ ಕೇಳಕೂಡದು ಎಂಬುದು ಅಲ್ಲಿಯ ತತ್ತ್ವ. ಅಲ್ಲಿ ಬಾಣ ನಿಜಕ್ಕೂ ಬಾಣವೇ, ಟವೆಲ್ ಇಲ್ಲ.

ನಮಗೆ ಇದು ಬಾರದ ವಿದ್ಯೆ ಎಂದುಕೊಂಡರೆ ಅದೂ ಸುಳ್ಳು. ಬ್ಯಾಂಕು ಬೆಳೆಸಾಲ ಕೊಟ್ಟಾಗ ಏನಾಗುತ್ತದೆ ನೋಡಿ. ಫ್ರೂಟ್ಸ್ ತಂತ್ರಾಂಶದ ಮೂಲಕ ಸಾಲದ ಬೋಜಾ ಆನ್‌ಲೈನಿನಲ್ಲೇ ಹೋಗಿ ಪಹಣಿಯ ಹನ್ನೊಂದನೇ ಕಾಲಮ್ಮಿನಲ್ಲಿ ಕೂರುತ್ತದೆ. ಜೆರಾಕ್ಸ್ ಇಲ್ಲ, ಅಟೆಸ್ಟ್ ಇಲ್ಲ, ನಾಳೆ ಬಾ ಇಲ್ಲ. ಸಾಲ ತೀರಿದ ಮೇಲೆ ಅದೇ ಬೋಜಾ ತೆಗೆಸಲು ನೋ ಡ್ಯೂ ಹಿಡಿದುಕೊಂಡು ಓಡಾಡುವ ರೈತನನ್ನು ಈ ಸೀಮೆಯಲ್ಲಿ ಕಾಣದವರು ಯಾರು? ತಂತಿ ಎರಡೂ ದಿಕ್ಕಿಗೆ ಎಳೆದದ್ದೇ. ರೈತನ ಕುತ್ತಿಗೆಯ ಕಡೆ ವಿದ್ಯುತ್ ಹರಿಯುತ್ತದೆ, ಕೈಯ ಕಡೆ ಹರಿಯುವುದಿಲ್ಲ.

ಕಿಟಕಿಯ ಒಳಗೆ ಕೂತವರೂ ಸುಖವಾಗಿಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರಕ್ಕೆ ಇಳಿದಾಗ ಅವರ ಗೋಳಿನಲ್ಲಿ ಮುಖ್ಯವಾದದ್ದು ಆ್ಯಪುಗಳದೇ. ಬಗರ್ ಹುಕುಂಗೆ ಒಂದು, ಲ್ಯಾಂಡ್ ಬೀಟ್‌ಗೆ ಒಂದು, ಒಂದರ ಮೇಲೊಂದು. ಕೆಲಸ ಮಾಡಲು ಬೇಕಾದ ಕನಿಷ್ಠ ಸಲಕರಣೆ ಮಾತ್ರ ಇಲ್ಲ.

ಎಲ್ಲ ಸರಿಯಾಗಿ ಕೆಲಸ ಮಾಡುವ ಒಂದು ಜಾಗವನ್ನೂ ಹೇಳದಿದ್ದರೆ ಅನ್ಯಾಯವಾದೀತು. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಜಾಲತಾಣದಲ್ಲಿ ಜಾತಿ-ಆದಾಯ ಪತ್ರದ ಆರ್‌ಡಿ ನಂಬರ್ ಹೊಡೆದರೆ ಸಾಕು. ನಾಡಕಚೇರಿಯ ದತ್ತಾಂಶ ತಾನಾಗಿ ಬಂದು ಪರದೆಯ ಮೇಲೆ ಕೂರುತ್ತದೆ: ಹೆಸರು, ಜಾತಿ, ಆದಾಯ, ಎಲ್ಲ. ಏನನ್ನೂ ಅಪ್‌ಲೋಡ್ ಮಾಡಬೇಕಿಲ್ಲ, ಸುಳ್ಳು ಬರೆಯಲು ಬರುವುದಿಲ್ಲ. ಅರ್ಜಿ ಸಲ್ಲಿಕೆಯಾದ ಮೇಲೆ ಹುಡುಗಿ ಅದರ ಪ್ರಿಂಟ್ ಹಿಡಿದುಕೊಂಡು ಕಾಲೇಜಿನ ಕಚೇರಿಗೆ ಹೋಗುತ್ತಾಳೆ. ಗುಮಾಸ್ತರು ತಿರುವಿ ನೋಡುತ್ತಾರೆ. "ಕ್ಯಾಸ್ಟ್-ಇನ್‌ಕಮ್ ಜೆರಾಕ್ಸ್ ಎಲ್ಲೈತವಾ?"

"ಅದು ಆನ್‌ಲೈನ್‌ನಾಗ ಬಂದೈತ್ರಿ ಸರ್."

"ಬಂದಿರ್ತೈತಿ. ಆಡಿಟ್‌ಗೆ ಬೇಕು. ಎರಡು ಸೆಟ್ ಮಾಡಿಸಿಕೊಂಡು ಬಾ."