ಎಂಟು ರನ್ನಿನ ಮರ್ಯಾದಿ

ಕಲಬುರಗಿ ಬಸ್ ನಿಲ್ದಾಣದ ಸುತ್ತಲಿನ ಚಾ ಅಂಗಡಿಗಳಲ್ಲಿ 2016ರ ಮೇ 29ನೇ ತಾರೀಖು ಇನ್ನೂ ಮುಗಿದಿಲ್ಲ. ಅಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸನ್‌ರೈಸರ್ಸ್ ಹೈದರಾಬಾದ್ 208 ರನ್ ಹೊಡೆಯಿತು. ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೇ 114 ಬಾರಿಸಿದರೂ ಆರ್‌ಸಿಬಿ 200ಕ್ಕೆ ನಿಂತುಹೋಯಿತು. ಆಳಂದ, ಅಫಜಲಪುರ, ಜೇವರ್ಗಿ ಬಸ್ಸುಗಳಿಗೆ ಕಾಯುವ ಮಂದಿ ಸುಸ್ಲಾ-ಮಿರ್ಚಿಯ ತಟ್ಟೆ ಹಿಡಿದುಕೊಂಡು ಉಳಿದ ಎಂಟು ರನ್ನನ್ನು ಇವತ್ತಿಗೂ ಹುಡುಕುತ್ತಿದ್ದಾರೆ.

ಸೋತದ್ದಕ್ಕೆ ಯಾರ ತಕರಾರೂ ಇಲ್ಲ. ತಕರಾರು ಇರುವುದು ಒಂದೇ: ದೇಶದಾಗ ನಮ್ಮ ಮರ್ಯಾದಿ ಉಳೀತೋ, ಹೋಯ್ತೋ?

ಆಳಂದದವರಿಗೆ ದೇಶವೆಂದರೆ ಬೀಗರು. ತಾಲ್ಲೂಕು ಮಹಾರಾಷ್ಟ್ರಕ್ಕೆ ಹತ್ತಿಕೊಂಡಿರುವುದರಿಂದ ಅಕ್ಕಲಕೋಟೆ, ಉಮರ್ಗಾ ಕಡೆಗೆ ಹೆಣ್ಣು ಕೊಟ್ಟವರು, ತಂದವರು ಬೇಕಾದಷ್ಟು. ಬೀಗರೋ ಪಕ್ಕಾ ಮುಂಬೈ ಇಂಡಿಯನ್ಸ್ ಮಂದಿ. 2011ರ ಫೈನಲ್ಲಿನಲ್ಲಿ ಆರ್‌ಸಿಬಿ ಚೆನ್ನೈ ಎದುರು 58 ರನ್ನಿನಿಂದ ನೆಲಕಚ್ಚಿದಾಗ ಅವರು ಪಾಪ ಅನ್ನಿಸಿ ಸುಮ್ಮನಿದ್ದರು. ಎಂಟು ರನ್ನಿಗೆ ಸೋತಾಗ ಮಾತ್ರ ನಸುಕಿನಲ್ಲೇ ಫೋನು: "ಥೋಡಕ್ಯಾತ್ ಹುಕಲಂ ಹೋ!" (ಸ್ವಲ್ಪದರಾಗ ತಪ್ಪಿತಲ್ರೀ!) ಬೈಗುಳವಾದರೆ ತಿರುಗಿ ಬೈಯಬಹುದು, ಬೀಗರ ಸಮಾಧಾನಕ್ಕೆ ಏನು ಮಾಡಬೇಕು?

ಅಫಜಲಪುರದ ನಿವೃತ್ತ ಮಾಸ್ತರರ ಲೆಕ್ಕ ಇನ್ನೂ ಹಿಂದಿನಿಂದ ಶುರುವಾಗುತ್ತದೆ. 2009ರ ಫೈನಲ್, ಜೊಹಾನ್ಸ್‌ಬರ್ಗ್. ಅನಿಲ್ ಕುಂಬ್ಳೆ 16 ರನ್ ಕೊಟ್ಟು ನಾಲ್ಕು ವಿಕೆಟ್ ಕಿತ್ತರು, ತಂಡ ಆರು ರನ್ನಿನಿಂದ ಸೋತಿತು, ಆದರೂ ಪಂದ್ಯಶ್ರೇಷ್ಠ ಪ್ರಶಸ್ತಿ ಅವರಿಗೇ ಬಂತು.

"ಸೋತ ತಂಡದ ಕ್ಯಾಪ್ಟನ್ನಿಗೆ ಕರದು ಕೊಟ್ಟಾರ. ಇದಕ್ಕಿಂತ ಇನ್ನೇನ್ ಮರ್ಯಾದಿ ಬೇಕ್ರಿ?"

"ಕಪ್ ಬೇಕ್ರಿ ಸರ್," ಎನ್ನುತ್ತದೆ ಕಾಲೇಜು ಹುಡುಗರ ಗುಂಪು.

ಅದೇ ಗುಂಪಿನವನೊಬ್ಬ ಫುಟ್‌ಬಾಲಿನ ಕಡೆ ಮಾತು ತಿರುಗಿಸಿ ನೋಡುತ್ತಾನೆ. 2016ರ ನವೆಂಬರ್‌ನಲ್ಲಿ ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿದ ಬೆಂಗಳೂರು ಎಫ್‌ಸಿ, ಇರಾಕಿನ ತಂಡಕ್ಕೆ ಒಂದೇ ಗೋಲಿನಿಂದ ಸೋತಿತು. ಅಲ್ಲಿಯತನಕ ಮುಟ್ಟಿದ ಮೊದಲ ಭಾರತೀಯ ಕ್ಲಬ್ಬೂ ಅದೇ. ಹುಡುಗ ಇಷ್ಟು ಹೇಳಿ ಮುಗಿಸುವುದರೊಳಗೆ ಮಾಸ್ತರರ ಪ್ರಶ್ನೆ: "ಒಂದು ಗೋಲಂದ್ರ ಎಷ್ಟು ರನ್ನಿಗೆ ಸಮ, ತಮ್ಮಾ?"

ಈ ಭಾಗದವರ ನೋವಿಗೆ ಒಂದು ವಿಶೇಷವಿದೆ. 2009ರಲ್ಲಿ ಗೆದ್ದದ್ದು ಡೆಕ್ಕನ್ ಚಾರ್ಜರ್ಸ್, 2016ರಲ್ಲಿ ಸನ್‌ರೈಸರ್ಸ್. ಎರಡೂ ಹೈದರಾಬಾದಿನ ತಂಡಗಳು. ಆಗ ಈ ಜಿಲ್ಲೆಗಳ ಹೆಸರು ಹೈದರಾಬಾದ್ ಕರ್ನಾಟಕ. ಅಂದರೆ ಹೆಸರಿನ ಮೊದಲರ್ಧ ಹಿಂದಿನರ್ಧವನ್ನು ಎರಡು ಸಲ ಸೋಲಿಸಿತ್ತು. 2019ರಲ್ಲಿ ಸರ್ಕಾರ ಕಲ್ಯಾಣ ಕರ್ನಾಟಕ ಎಂದು ಹೆಸರು ಬದಲಿಸಿದ್ದಕ್ಕೆ ಬೇರೆ ಕಾರಣಗಳಿವೆ; ಚಾ ಅಂಗಡಿ ಅವನ್ನು ಒಪ್ಪುವುದಿಲ್ಲ.

ತಂಡದಲ್ಲಿ ನಮ್ಮ ಕಡೆಯವರಿಲ್ಲದ್ದಕ್ಕೇ ಸೋಲು ಎಂದು ವಾದಿಸುವವರೂ ಇದ್ದಾರೆ. ಸಂವಿಧಾನದ 371(ಜೆ) ಕ್ರಿಕೆಟ್ಟಿಗೂ ಅನ್ವಯವಾಗಬೇಕೆಂಬುದು ಅವರ ಬೇಡಿಕೆ. ಮಾಸ್ತರರು ಬೆರಳು ಮಡಚುತ್ತಾರೆ: ಈ ಭಾಗದ ಹೊರಗಿನ ಹುದ್ದೆಗಳಲ್ಲಿ ನಮಗಿರುವ ಮೀಸಲಾತಿ ಶೇ. 8. "ಹನ್ನೊಂದು ಮಂದಿಯೊಳಗ ಶೇ. 8 ಅಂದ್ರ ಒಬ್ಬನೂ ಪೂರಾ ಆಗಂಗಿಲ್ಲ. ಹನ್ನೆರಡನೇ ಆಟಗಾರ ಆಗಿ ನೀರು ಕೊಡ್ಲಿಕ್ಕೆ ಹೋಗಬೇಕಷ್ಟೆ."

ಇಷ್ಟೊತ್ತೂ ಸುಮ್ಮನೆ ಕೂತಿದ್ದ ಜೇವರ್ಗಿಯ ಕಾಕಾ ಬಾಯಿ ತೆರೆಯುವುದು ಈಗ. ಕೂದಲೆಳೆಯ ಸೋಲಿನ ಬಗ್ಗೆ ಜೇವರ್ಗಿಯವರ ಮುಂದೆ ಯಾರೂ ಮಾತಾಡಬಾರದು ಎಂಬುದು ಅವರ ನಿಲುವು. ಮುಖ್ಯಮಂತ್ರಿಯಾಗಿದ್ದ ಎನ್. ಧರ್ಮಸಿಂಗ್ 2008ರಲ್ಲಿ ಅದೇ ಜೇವರ್ಗಿಯಲ್ಲಿ ಸೋತದ್ದು ಬರೀ 70 ಮತಗಳಿಂದ.

"ಎಪ್ಪತ್ತು ಓಟಂದ್ರ ಒಂದು ಲಗ್ನದ ಪಂಕ್ತೀನೂ ತುಂಬಂಗಿಲ್ಲ!"

ಆಳಂದವೂ ಬಿಡುವುದಿಲ್ಲ: 2018ರಲ್ಲಿ ಬಿ. ಆರ್. ಪಾಟೀಲರು ಸೋತದ್ದು 697 ಮತಗಳಿಂದ. ಆದರೆ ಮಾಸ್ತರರ ಕಿಸೆಯಲ್ಲಿ ಚಾಮರಾಜನಗರದ ತುರುಪು ಇದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ. ಆರ್. ಕೃಷ್ಣಮೂರ್ತಿ ಒಂದೇ ಒಂದು ಮತದಿಂದ ಸೋತರು. ಎಂಟು ರನ್, ಎಪ್ಪತ್ತು ಓಟು, ಎಲ್ಲವೂ ಅದರ ಮುಂದೆ ಭಾರಿ ಸೋಲಿನಂತೆ ಕಂಡು ಅಂಗಡಿ ಅರೆಗಳಿಗೆ ಮೌನವಾಗುತ್ತದೆ.

2025ರ ಜೂನ್ 3ರಂದು ಆರ್‌ಸಿಬಿ ಕಡೆಗೂ ಕಪ್ ಗೆದ್ದಿತು, ಪಂಜಾಬ್ ಎದುರು ಆರು ರನ್ನಿನಿಂದ. ವಾದ ಮುಗಿಯಬೇಕಿತ್ತು, ಲೆಕ್ಕಪತ್ರ ಶುರುವಾಯಿತು. 2009ರ ಆರು ರನ್ ಜಮಾ ಆಯಿತು, 2016ರ ಎಂಟು ಬಾಕಿ ಎಂದರು ಮಾಸ್ತರರು. ಆಳಂದದವರ ಬಾಕಿ 2023ರಲ್ಲಿ ಊರಲ್ಲೇ ವಸೂಲಾಗಿದೆ. ಪಾಟೀಲರು 10,348 ಮತಗಳಿಂದ, ಅಂದರೆ ಬಡ್ಡಿ ಸಮೇತ, ಗೆದ್ದರು.

"ಸಾಲ ಹೈದರಾಬಾದಿನವರದು, ಕಟ್ಟಿದವರು ಪಂಜಾಬಿನವರು. ಇದು ಯಾವ ನ್ಯಾಯ?" ಎಂದು ಹುಡುಗರು ಕೇಳಿದರೆ ಕಾಕಾನ ಬಳಿ ಉತ್ತರ ಸಿದ್ಧವಿದೆ. ಜೇವರ್ಗಿಯಲ್ಲಿ ಸೋತ ಧರ್ಮಸಿಂಗ್ ಮರುವರ್ಷವೇ ಬೀದರಿನಿಂದ ಲೋಕಸಭೆಗೆ ಗೆದ್ದು ಹೋದರು.

"ನಮ್ಮ ಎಪ್ಪತ್ತು ಬೀದರದವರು ಕಟ್ಟಲಿಲ್ಲೇನು? ಕೊಟ್ಟವರ ಹೆಸರು ಕೇಳಬ್ಯಾಡ್ರಿ, ರೊಕ್ಕ ಎಣಿಸಿಕೊಳ್ರಿ. ಚಾದ್ದು ಇವತ್ತ ಯಾರು ಕೊಡ್ತೀರಿ?"