ಹಡಗು ಅಗ್ಗ, ನೀರು ದುಬಾರಿ

ಹಳೇ ಯಾಟ್ ಕೊಳ್ಳಲು ಹೊರಟ ಮಹನೀಯರೇ, ಎಂಜಿನ್ ಎಷ್ಟು ಗಂಟೆ ಓಡಿದೆ, ತಳದ ಬಣ್ಣ ಕಿತ್ತಿದೆಯೇ ಎಂದು ತಲೆ ಕೆಡಿಸಿಕೊಳ್ಳಬೇಡಿ. ಅದನ್ನೆಲ್ಲ ನೋಡಲು ಸರ್ವೇಯರ್ ಇದ್ದಾನೆ. ಹಡಗು ಈಗ ಯಾರ ನೀರಿನಲ್ಲಿ ನಿಂತಿದೆ, ಅದನ್ನು ಕೇಳಿ.

ಯುರೋಪಿನಲ್ಲಿ ವ್ಯಾಟ್ ಕಟ್ಟಿದ ದೋಣಿಗೊಂದು ಬೆಲೆ, ಕಟ್ಟದ್ದಕ್ಕೊಂದು ಬೆಲೆ. ಕಟ್ಟಲು ಹೋದರೆ ಕ್ರೊಯೇಷಿಯಾದಲ್ಲಿ ಶೇ. 25, ಗ್ರೀಸಿನಲ್ಲಿ 24, ಇಟಲಿಯಲ್ಲಿ 22, ಮಾಲ್ಟಾದಲ್ಲಿ 18. ಆದರೆ ಕಟ್ಟುವ ಪಾಪದವರು ಯಾರು? ಯುರೋಪಿನ ಹೊರಗೆ ವಾಸ ಮಾಡುವವರು ಹೊರಗಿನ ಬಾವುಟ ಹಾರಿಸಿಕೊಂಡು ಬಂದರೆ 18 ತಿಂಗಳು ತೆರಿಗೆಯ ಮಾತೇ ಇಲ್ಲ. ಗಡುವು ಮುಗಿಯುವ ಮುಂಚೆ ಟ್ಯುನೀಷಿಯಾಕ್ಕೋ ಟರ್ಕಿಗೋ ಹೋಗಿ, ಹಗ್ಗ ಕಟ್ಟಿದ್ದಕ್ಕೆ ಬಂದರಿನವರಿಂದ ಒಂದು ರಸೀದಿ ಇಸಿದುಕೊಂಡು ಮರಳಿದರೆ ಮತ್ತೆ 18 ತಿಂಗಳು. ಕ್ಯಾಪ್ಟನ್ ಬೆಳ್ಳಿ ತಟ್ಟೆ ಕಳೆದರೂ ಕ್ಷಮೆಯುಂಟು, ಆ ರಸೀದಿ ಕಳೆಯುವಂತಿಲ್ಲ.

ಫ್ಲಾರಿಡಾ ಇನ್ನೂ ದಯಾಮಯಿ. ಅಲ್ಲಿ ಮಾರಾಟ ತೆರಿಗೆ ಶೇ. 6, ಆದರೆ ದೋಣಿಗಳಿಗೆ ಮಾತ್ರ 18,000 ಡಾಲರಿಗೆ ನಿಂತುಬಿಡುತ್ತದೆ. ಅಂದರೆ 3 ಲಕ್ಷ ಡಾಲರಿನ ದೋಣಿಗೂ 3 ಕೋಟಿ ಡಾಲರಿನ ಅರಮನೆಗೂ ಒಂದೇ ತೆರಿಗೆ. ಸಮಾನತೆ ಬೇಕು ಎಂದು ಕೂಗಿದವರಿಗೆ ಇನ್ನೇನು ಬೇಕಿತ್ತು? ಅಷ್ಟು ಕಟ್ಟಲೂ ಹೊಟ್ಟೆ ಉರಿದರೆ ಅದಕ್ಕೂ ದಾರಿಯಿದೆ. ಹಡಗು ಕಟ್ಟೆ ಬಿಟ್ಟು ಅಂತರರಾಷ್ಟ್ರೀಯ ಸಮುದ್ರಕ್ಕೆ ಹೋಗುತ್ತದೆ. ಕ್ಯಾಪ್ಟನ್ ಅಕ್ಷಾಂಶ ರೇಖಾಂಶ ಬರೆದುಕೊಂಡು ತೀರಕ್ಕೆ ಫೋನ್ ಮಾಡುತ್ತಾನೆ. ಆಗ ಸಹಿ ಬೀಳುತ್ತದೆ, ದುಡ್ಡು ಕೈ ಬದಲಾಗುತ್ತದೆ. ಸಾಕ್ಷಿಗೆ ಮೀನುಗಳು.

ನಮ್ಮವರಿಗೇನು ಇದು ಹೊಸ ವಿದ್ಯೆಯಲ್ಲ. ಬೆಂಗಳೂರು ಬಿಟ್ಟು ಕದಲದ ಕೋಟಿ ಬೆಲೆಯ ಕಾರುಗಳು ಪುದುಚೇರಿ ನಂಬರ್ ಹಾಕಿಕೊಂಡು ಆರ್‌ಟಿಒ ಕೈಗೆ ಸಿಕ್ಕಿಬಿದ್ದದ್ದನ್ನು ಓದಿದ್ದೇವೆ. ಕಾರಿನವರಿಗೆ ಇರುವುದು ಒಂದು ಪುದುಚೇರಿ. ಯಾಟಿನವರಿಗೆ ಕೇಮನ್, ಮಾರ್ಷಲ್ ದ್ವೀಪ, ಐಲ್ ಆಫ್ ಮ್ಯಾನ್, ಹೀಗೆ ಸಮುದ್ರದ ತುಂಬಾ ಪುದುಚೇರಿಗಳು. ಛೇ, ಅದೆಲ್ಲ ಬೇಡ, ಭಾರತದಲ್ಲೇ ಕೊಳ್ಳುತ್ತೇನೆ ಎನ್ನುವ ದೇಶಭಕ್ತರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 40. ಯಾಟನ್ನು ಕೋಲಾ ಬಾಟಲಿಯ ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಿದ್ದಾರೆ.

ನಿಜವಾದ ಅಗ್ಗದ ಮಾಲು ಬೇಕೆಂದರೆ ಮಾಲೀಕ ನಾಪತ್ತೆಯಾದ ದೇಶಕ್ಕೆ ಹೋಗಬೇಕು. ಮಲೇಷ್ಯಾದ ಸರ್ಕಾರಿ ನಿಧಿ 1ಎಂಡಿಬಿಯ ಹಗರಣದ ‘ಇಕ್ವಾನಿಮಿಟಿ’ ಯಾಟಿಗೆ 25 ಕೋಟಿ ಡಾಲರ್ ಸುರಿದಿದ್ದರು, 2019ರಲ್ಲಿ ಸರ್ಕಾರ ಅದನ್ನು 12.6 ಕೋಟಿಗೆ ಮಾರಿತು. ಆಂಟಿಗುವಾದಲ್ಲಿ ಅನಾಥವಾಗಿ ನಿಂತಿದ್ದ ‘ಆಲ್ಫಾ ನೀರೋ’ 2023ರ ಹರಾಜಿನಲ್ಲಿ 6.76 ಕೋಟಿ ಡಾಲರಿಗೆ ಹೋಯಿತು. ಕೂಗಿದವರು ಹಿಂದೆ ಸರಿದರು. ಮರುವರ್ಷ 4 ಕೋಟಿಗೆ ಮಾರಾಟವಾಯಿತು. ಒಂದು ವರ್ಷ ಸುಮ್ಮನೆ ಕೂತವರಿಗೆ ಇಷ್ಟು ಲಾಭ ಯಾವ ಫಿಕ್ಸೆಡ್ ಡೆಪಾಸಿಟ್‌ನಲ್ಲೂ ಇಲ್ಲ.

ಈ ವಿದ್ಯೆಯಲ್ಲಿ ಕನ್ನಡನಾಡಿನ ಕಾಣಿಕೆಯೂ ಇದೆ. ವಿಜಯ್ ಮಲ್ಯರ ಜತೆ ಹೆಸರು ಅಂಟಿಕೊಂಡಿದ್ದ 95 ಮೀಟರಿನ ‘ಇಂಡಿಯನ್ ಎಂಪ್ರೆಸ್’ 2018ರ ಮಾರ್ಚಿನಲ್ಲಿ ಮಾಲ್ಟಾದಲ್ಲಿ ಜಪ್ತಿಯಾಯಿತು. ಹರಾಜಿನಲ್ಲಿ 4.35 ಕೋಟಿ ಯೂರೋ ಕೂಗಿದವರು ದುಡ್ಡು ಕಟ್ಟಲಿಲ್ಲ, ಕೊನೆಗೆ ಇನ್ನೊಬ್ಬರಿಗೆ 3.5 ಕೋಟಿಗೆ ಹೋಯಿತು. ಹಡಗು ತಮ್ಮದೇ ಅಲ್ಲ ಎಂದು ಮಲ್ಯ ಹೇಳಿಕೊಂಡರು. ಈ ಲೋಕದಲ್ಲಿ ಹಡಗಿಗೆ ಹೆಸರಿರುತ್ತದೆ, ಬಾವುಟವಿರುತ್ತದೆ, ಕಂಪನಿಯಿರುತ್ತದೆ, ಒಡೆಯ ಮಾತ್ರ ಇರುವುದಿಲ್ಲ.

‘ಇಂಡಿಯನ್ ಎಂಪ್ರೆಸ್’ ಅನ್ನು ಹಿಡಿದು ನಿಲ್ಲಿಸಿದ್ದು ಸಂಬಳ ಕಾಣದ 40ಕ್ಕೂ ಹೆಚ್ಚು ಸಿಬ್ಬಂದಿಯ ಬಾಕಿ. ಸಮುದ್ರದ ಕಾನೂನಿನಲ್ಲಿ ನಾವಿಕನ ಕೂಲಿ ಬ್ಯಾಂಕಿನ ಅಡಮಾನ ಸಾಲಕ್ಕಿಂತ ಮುಂದಿನ ಸಾಲಿನಲ್ಲಿ ನಿಲ್ಲುತ್ತದೆ. 2012ರಲ್ಲಿ ಹಾರಾಟ ನಿಲ್ಲಿಸಿದ ಮಲ್ಯರ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ನೌಕರರು ಸಂಬಳಕ್ಕಾಗಿ ಬೀದಿಯಲ್ಲಿ ನಿಂತಾಗ ಇಂಥ ಅನುಕೂಲ ಒದಗಲಿಲ್ಲ. ತಪ್ಪು ಅವರದೇ. ವಿಮಾನದ ಬದಲು ಹಡಗು ಹತ್ತಬೇಕಿತ್ತು.