ಭಾವನವರ ಭಾನುವಾರ

ಶಿವಮೊಗ್ಗದಲ್ಲಿ ಮನೆ ಮಾಡಿಕೊಂಡವರಿಗೆ ನೆಂಟರ ಬರ ಇರುವುದಿಲ್ಲ. ಎಲ್ಲವೂ ನಮ್ಮ ಮೇಲಿನ ಅಕ್ಕರೆಯೇ. ಆದರೆ ಲಿಂಗನಮಕ್ಕಿಯ ಗೇಟು ತೆಗೆದರೆಂಬ ಸುದ್ದಿ ಟಿ.ವಿ.ಯಲ್ಲಿ ಬಂದ ವಾರವೇ ಆ ಅಕ್ಕರೆ ಉಕ್ಕಿ ಹರಿಯುತ್ತದೆ ಎಂಬುದನ್ನು ನನ್ನ ಹೆಂಡತಿ ಪತ್ತೆ ಮಾಡಿದ್ದಾಳೆ.

"ನಿಮ್ಮೂರಲ್ಲಿ ನೋಡೋಕೆ ಏನೇನಿದೆ?" ಎಂದು ಬಂದವರು ಕೇಳುತ್ತಾರೆ. ನಾವು ಎದೆಯುಬ್ಬಿಸಿ ಜೋಗ ಎನ್ನುತ್ತೇವೆ. ಅದು ಇಲ್ಲಿಂದ ಸುಮಾರು 100 ಕಿಲೋಮೀಟರು. ಆಗುಂಬೆ ಎನ್ನುತ್ತೇವೆ. ಅದು 90ರ ಆಸುಪಾಸು. ಮೈಸೂರಿನವರು ನೆಂಟರಿಗೆ ಅರಮನೆ ತೋರಿಸುತ್ತಾರೆ, ವಿಜಯಪುರದವರು ಗೋಲಗುಮ್ಮಟ ತೋರಿಸುತ್ತಾರೆ. ನಾವು ಕಾರಿಗೆ ಪೆಟ್ರೋಲು ಹಾಕಿಸುತ್ತೇವೆ. ಊರೊಳಗೆ ಶಿವಪ್ಪನಾಯಕನ ಅರಮನೆ ಇಲ್ಲವೆಂದಲ್ಲ. ಅದನ್ನು ಹೊಟ್ಟೆ ಕೆಟ್ಟು ದೂರ ಹೋಗಲಾರದ ನೆಂಟರಿಗೆಂದು ಮೀಸಲಿಟ್ಟಿದ್ದೇವೆ.

ನನ್ನ ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ, ಬೆಂಗಳೂರಿನವರು. ಅವಳಿಗೂ ಭಾವ, ನನಗೂ ಭಾವ. ಶನಿವಾರ ರಾತ್ರಿ ಬಂದಿಳಿದು, ಊಟದ ತಟ್ಟೆಯ ಪಕ್ಕದಲ್ಲೇ ಮೊಬೈಲು ಇಟ್ಟುಕೊಂಡು ಮಾರನೆಯ ದಿನದ ಕಾರ್ಯಕ್ರಮ ಓದಿ ಹೇಳುವುದು ಅವರ ಪದ್ಧತಿ. ಸಕ್ರೆಬೈಲಿನ ಆನೆ, ಮಂಡಗದ್ದೆಯ ಹಕ್ಕಿ, ಕುಪ್ಪಳಿ, ಕವಲೇದುರ್ಗ, ಆಗುಂಬೆಯ ಸೂರ್ಯಾಸ್ತ. ರಾತ್ರಿ ಊಟಕ್ಕೆ ಮನೆ. "ಮ್ಯಾಪ್‌ನಲ್ಲಿ ನೋಡಿದೀನಿ ಮಾರಾಯ, ಒಂದೇ ರಸ್ತೆ!" ರಸ್ತೆಯೇನೋ ಹೆಚ್ಚುಕಡಿಮೆ ಒಂದೇ. ಆದರೆ ನಮ್ಮ ಸುತ್ತಮುತ್ತಲಿನ ಈ ಜಾಗಗಳಿಗೆಲ್ಲ ಒಂದೊಂದು ಹೊತ್ತು ಇದೆ, ಆ ಹೊತ್ತು ಯಾವುದಕ್ಕೂ ಭಾವನವರ ಭಾನುವಾರ ಗೊತ್ತಿಲ್ಲ.

ಬೆಳಗ್ಗೆ 6ಕ್ಕೆ ಹೊರಡುವುದೆಂದು ತೀರ್ಮಾನವಾದರೆ ಅದು 9ಕ್ಕೆ ಹೊರಡುವ ಸಿದ್ಧತೆಯ ಆರಂಭ. ಚಿತ್ರಾನ್ನ, ಮೊಸರನ್ನ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲ ಡಬ್ಬಿ ಸೇರಬೇಕು. ಬುತ್ತಿಯಿಲ್ಲದೆ ಹೊರಟರೆ ಮಲೆನಾಡಿನ ದೇವರುಗಳು ಮುನಿಯುತ್ತವೆ ಎಂದು ನನ್ನ ಅತ್ತೆಯವರ ನಂಬಿಕೆ. ಆಮೇಲೆ ಮುಂದಿನ ಸೀಟಿನ ವ್ಯಾಜ್ಯ. ಘಟ್ಟದ ತಿರುವಿನಲ್ಲಿ ವಾಂತಿ ಬರುವವರಿಗೆ ಮುಂದಿನ ಸೀಟು ಎಂಬುದು ಎಲ್ಲ ಮನೆಗಳಲ್ಲೂ ಇರುವ ಕಾನೂನು. ಹಾಗಾಗಿ ಕಾರಿನ ಬಾಗಿಲು ತೆಗೆದ ಕೂಡಲೇ, ಹುಟ್ಟಿದಾಗಿನಿಂದ ಒಮ್ಮೆಯೂ ವಾಂತಿ ಮಾಡದವರೂ ನಿಂಬೆಹಣ್ಣು ಮೂಸತೊಡಗುತ್ತಾರೆ. ಭಾವ ಮೂಸುವುದಿಲ್ಲ. ಅವರು ನೇರ ಹೋಗಿ ಕುಳಿತುಬಿಡುತ್ತಾರೆ.

ಸಕ್ರೆಬೈಲು ಊರಿನಿಂದ 14 ಕಿಲೋಮೀಟರು. ಗಾಜನೂರು ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ ಆನೆ ಬಿಡಾರ. ಬೆಳಗ್ಗೆ ಮಾವುತರು, ಕಾವಾಡಿಗಳು ಕಾಡಿನಿಂದ ಆನೆಗಳನ್ನು ಕರೆತಂದು ತುಂಗೆಯಲ್ಲಿ ಮಲಗಿಸಿ ತಿಕ್ಕುತ್ತಾರೆ. ಸ್ನಾನ, ಊಟ ಮುಗಿಯಿತೋ, ಆನೆಗಳು ಮತ್ತೆ ಕಾಡಿನ ದಾರಿ ಹಿಡಿಯುತ್ತವೆ. ನಾವು ಮುಟ್ಟುವ ಹೊತ್ತಿಗೆ ಒದ್ದೆ ನೆಲ, ಲದ್ದಿ, ಮುಗಿದ ಟಿಕೆಟ್ಟು. "ಒಂದನ್ನಾದ್ರೂ ಸ್ವಲ್ಪ ಕರೆಸೋಕಾಗಲ್ವಾ?" ಎಂದು ಭಾವ ಅಲ್ಲಿದ್ದವರನ್ನು ವಿಚಾರಿಸಿದರು. ಅವರು ಭಾವನನ್ನು ಮೇಲಿಂದ ಕೆಳಗೆ ನೋಡಿ, "ನಾಳೆ ಬೆಳಗ್ಗೆ ಬೇಗ ಬನ್ನಿ ಸಾರ್" ಎಂದರು. ಆನೆಯಷ್ಟೇ ಗಾಂಭೀರ್ಯ ಅವರಿಗೂ ಬಂದಿತ್ತು.

ಮಂಡಗದ್ದೆಯ ಹಕ್ಕಿಗಳದ್ದು ಗಂಟೆಯ ಲೆಕ್ಕವಲ್ಲ, ತಿಂಗಳ ಲೆಕ್ಕ. ಮಳೆಗಾಲದಲ್ಲಿ ತೀರ್ಥಹಳ್ಳಿ ರಸ್ತೆಯ ಪಕ್ಕದಲ್ಲೇ, ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿ ಗದ್ದಲ ಎಬ್ಬಿಸುತ್ತವೆ. ಬೇಸಿಗೆ ರಜೆಯಲ್ಲಿ ಬಂದವರಿಗೆ ಫಲಕ ಇರುತ್ತದೆ, ಹಕ್ಕಿ ಇರುವುದಿಲ್ಲ. ಹಕ್ಕಿ ಇರುವ ತಿಂಗಳಲ್ಲಿ ಕವಲೇದುರ್ಗ ಹತ್ತುವಂತಿಲ್ಲ, ಇಂಬಳ. ಕಾಲಿಗೆ ಹೊಗೆಸೊಪ್ಪಿನ ನೀರು ಬಳಿದುಕೊಂಡರೆ ಆಗುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಭಾವನ ಪಟ್ಟಿಯಿಂದ ಆ ಕೋಟೆ ಹಾರಿಹೋಗಿತ್ತು. ಕುಪ್ಪಳಿ ಒಂದೇ ಯಾರನ್ನೂ ಅವಸರಪಡಿಸದ ಜಾಗ. ಕವಿಶೈಲದ ಬಂಡೆಯ ಮೇಲೆ ಕುಳಿತರೆ ಎದುರಿಗೆ ಬರೀ ಕಾಡು. ಭಾವ ಕೂಡ ಅಲ್ಲಿ ಮೊಬೈಲು ನೋಡಲಿಲ್ಲ. ಸಿಗ್ನಲ್ ಇರಲಿಲ್ಲ.

ಆಗುಂಬೆಯ ವಿಷಯ ಬಂದಾಗ ನನಗೆ ನಮ್ಮ ಜನರ ಆಶಾವಾದದ ಮೇಲೆ ಗೌರವ ಹೆಚ್ಚಾಗುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ಊರು. ಸೂರ್ಯನನ್ನು ನೋಡಲು ನಾವು ಆರಿಸಿಕೊಂಡಿದ್ದು ಅದನ್ನೇ! ಚಳಿಗಾಲದ ಶುಭ್ರ ಸಂಜೆಯಲ್ಲಿ ಸೂರ್ಯ ಅರಬ್ಬೀ ಸಮುದ್ರಕ್ಕೆ ಇಳಿಯುವುದು ಕಾಣುತ್ತದೆ ಎಂಬುದು ನಿಜ. ಉಳಿದ ದಿನಗಳಲ್ಲಿ ಜನ ಮೋಡದ ಕಡೆ ಮುಖ ಮಾಡಿ ನಿಂತು, ಗಡಿಯಾರ ನೋಡಿ, "ಈಗ ಮುಳುಗಿರಬೇಕು" ಎಂದು ತೀರ್ಮಾನಿಸಿ ಹಿಂದಿರುಗುತ್ತಾರೆ. ಹೊತ್ತು ಕಳೆಯಲೆಂದು ನಾನು, ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ದೊಡ್ಡಮನೆಯ ಬಗ್ಗೆ ಹೇಳಿದೆ. ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ತೆರೆದದ್ದು, ಈ ಕಾಡು ಕಾಳಿಂಗ ಸರ್ಪಗಳ ತವರು ಎಂಬುದನ್ನೂ ಹೇಳಿದೆ. ಭಾವ ಸೂರ್ಯಾಸ್ತದ ಉಳಿದ ಭಾಗವನ್ನು ಕಾರಿನೊಳಗಿಂದಲೇ ನೋಡಿದರು.

ಸಾಗರದ ಕಡೆಯ ದಾರಿಯದು ಬೇರೆಯೇ ಕತೆ. ಜೋಗದ ನೀರು ಇರುವುದು ಮೋಡದ ಕೈಯಲ್ಲಲ್ಲ, 1964ರಿಂದ ಲಿಂಗನಮಕ್ಕಿ ಅಣೆಕಟ್ಟಿನ ಕೈಯಲ್ಲಿ. ಮಳೆ ಮುಗಿದ ಮೇಲೆ ಹೋದರೆ 253 ಮೀಟರಿನ ಬಂಡೆಯ ಮೇಲೆ ರಾಜನೂ ರಾಣಿಯೂ ಯಾರೋ ಒಣಹಾಕಿದ ಪಂಚೆಗಳಂತೆ ತೂಗುತ್ತಿರುತ್ತಾರೆ; ರೋರರ್‌ಗೆ ಗಂಟಲು ಕಟ್ಟಿರುತ್ತದೆ. ಶ್ರಾವಣದಲ್ಲಿ ಹೋದರೆ ನೀರೇ ನೀರು, ಆದರೆ ಮಂಜು. ಸಾವಿರಾರು ಜನ ಕಂಬಿ ಹಿಡಿದು ಬರೀ ಬಿಳುಪಿನತ್ತ ದಿಟ್ಟಿಸುತ್ತಾ ಮೊರೆತ ಕೇಳುತ್ತಿರುತ್ತಾರೆ. ಇದ್ದಕ್ಕಿದ್ದಂತೆ ಮಂಜು ಸರಿದು "ಓ..." ಎಂಬ ಉದ್ಗಾರ ಏಳುತ್ತದೆ, ಮರುಕ್ಷಣ ಮತ್ತೆ ಪರದೆ. ಆ ಕ್ಷಣದಲ್ಲಿ ಭಾವ ಸುಟ್ಟ ಜೋಳದವನ ಹತ್ತಿರ ಚಿಲ್ಲರೆಗಾಗಿ ವಾದಿಸುತ್ತಿದ್ದರು.

ನನ್ನನ್ನು ಕೇಳಿದರೆ ಈ ದಾರಿಯಲ್ಲಿ ಜೋಗಕ್ಕಿಂತ ಇಕ್ಕೇರಿ, ಕೆಳದಿ ಮೇಲು. ಯಾರೂ ಕೇಳುವುದಿಲ್ಲ. ಕೆಳದಿಯ ದೇವಾಲಯದ ಛಾವಣಿಯ ಗಂಡಭೇರುಂಡ, ಇಕ್ಕೇರಿಯ ಅಘೋರೇಶ್ವರನ ಎದುರಿನ ಭಾರಿ ನಂದಿ ಮಳೆಗಾಲ, ಬೇಸಿಗೆ ಎನ್ನದೆ ನೂರಾರು ವರ್ಷಗಳಿಂದ ಅಲ್ಲೇ ಇವೆ. ಅಲ್ಲೇ ಇರುತ್ತವೆ ಎಂಬ ಭರವಸೆಯಿಂದಲೇ ಜನ ಮುಂದಿನ ಸಲ ನೋಡೋಣ ಎನ್ನುತ್ತಾರೆ. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದ ರಾಜಾರಾಮನಿಗೆ, ಶಿವಾಜಿಯ ಮಗನಿಗೆ, ಆಶ್ರಯ ಕೊಟ್ಟವಳು ಕೆಳದಿಯ ಚೆನ್ನಮ್ಮ. ನೆಂಟರನ್ನು ಸುಧಾರಿಸುವ ಕಷ್ಟ ಈ ಸೀಮೆಗೆ ಹೊಸದೇನಲ್ಲ.

ಆದರೆ ಕಾಯುವುದೇ ಪ್ರವಾಸವಾಗಿದ್ದ ಜಾಗವೆಂದರೆ ಸಿಗಂದೂರಿನ ದಾರಿಯ ಹೊಳೆಬಾಗಿಲು. ಶರಾವತಿಯ ಹಿನ್ನೀರಿನ ದಡದಲ್ಲಿ ಕಾರುಗಳ ಸಾಲು ನಿಲ್ಲುತ್ತಿತ್ತು. ಲಾಂಚ್ ಬರಬೇಕು, ಆ ದಡದ ವಾಹನ ಇಳಿಯಬೇಕು, ನಮ್ಮವು ಏರಬೇಕು. ಅಷ್ಟರಲ್ಲಿ ಬುತ್ತಿ ಬಿಚ್ಚಿ, ಪಕ್ಕದ ಕಾರಿನವರ ಜೊತೆ ಪರಿಚಯವಾಗಿ, ಅವರ ಚಕ್ಕುಲಿ ನಮಗೆ, ನಮ್ಮ ಉಪ್ಪಿನಕಾಯಿ ಅವರಿಗೆ. ಲಾಂಚಿನ ಮೇಲೆ ಕಾರಿನೊಳಗೇ ಕುಳಿತು ನೀರು ದಾಟುವಾಗ, ಎಂಜಿನ್ನು ಆಫ್ ಆಗಿದ್ದರೂ ಭಾವ ಸ್ಟೇರಿಂಗ್ ಹಿಡಿದು ಕೂರುತ್ತಿದ್ದರು. ಅಷ್ಟು ದೂರಕ್ಕೆ ಮಾತ್ರ ಅವರು ನನಗೆ ಮುಂದಿನ ಎಡಸೀಟು ಬಿಟ್ಟುಕೊಡುತ್ತಿದ್ದರು.

2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ತೆರೆಯಿತು. ಈಗ ನಾಲ್ಕೈದು ನಿಮಿಷದಲ್ಲಿ ಆಚೆ ದಡ. ಅದರ ಮೇಲೆ ಹೋದ ನಮ್ಮ ಮೊದಲ ಪ್ರಯಾಣದಲ್ಲಿ ಭಾವನಿಗೆ ಯಾಕೋ ಸಂಕಟ. ಇಷ್ಟು ಬೇಗ ಮುಗಿಯಿತಲ್ಲ, ಪಟ್ಟಿಯ ಪ್ರಕಾರವೇ ಎಲ್ಲ ನಡೆಯುತ್ತಿದೆಯಲ್ಲ ಎಂಬ ಸಂಕಟ. ತುಮರಿ ಕಡೆಯ ಒಂದು ಗೂಡಂಗಡಿಯಲ್ಲಿ ಚಹಾ ಕುಡಿಯುತ್ತಾ, "ಏನೇ ಹೇಳಿ, ಲಾಂಚ್ ಇದ್ದಾಗಿನ ಮಜಾ ಇಲ್ಲ" ಎಂದು ಅಂಗಡಿಯವರ ಮುಂದೆ ತೋಡಿಕೊಂಡರು. ನಾನೂ ತಲೆಯಾಡಿಸಿದೆ.

ಅಂಗಡಿಯವರು ಬೋಂಡಾ ತಿರುವಿಹಾಕುತ್ತಲೇ ಕೇಳಿಸಿಕೊಂಡರು. ನಾಡಿನ ದೀಪಕ್ಕೆ ಗದ್ದೆ, ಮನೆ ಮುಳುಗಿಸಿಕೊಂಡು, ಆಮೇಲೆ ಅರವತ್ತು ವರ್ಷ ಸಾಗರದ ಆಸ್ಪತ್ರೆಗೆ ಹೋಗಬೇಕಾದರೂ ನೀರು ದಾಟಬೇಕಿದ್ದ ಸೀಮೆ ಅದು. ಸಂಜೆಗೆ ಲಾಂಚ್ ನಿಂತರೆ ಹೆರಿಗೆ ನೋವೂ ಬೆಳಗಾಗುವ ತನಕ ಕಾಯಬೇಕು, ಇಲ್ಲವೇ ಕಾಡುದಾರಿಯಲ್ಲಿ ಸುತ್ತು ಬಳಸಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು.

"ಹಂಗಾರೆ ಒಂದು ಕೆಲಸ ಮಾಡಿ ಮಾರಾಯ್ರೆ," ಎಂದರು ಅವರು, ಜಾಲರಿ ಸೌಟು ಮೇಲೆತ್ತಿ ಎಣ್ಣೆ ಬಸಿಯುತ್ತಾ. "ಆ ಲಾಂಚನ್ನ ನಿಮ್ಮೂರಿಗೆ ತಗಂಡು ಹೋಗಿ. ಆಸ್ಪತ್ರೆ, ಕಾಲೇಜು ಎಲ್ಲಾ ಆಚೆ ದಡದಲ್ಲಿ ಇಟ್ಕಳಿ. ನಾವು ಭಾನುವಾರ ಭಾನುವಾರ ಬಂದು ನೋಡ್ಕಂಡು ಹೋಗ್ತೀವಿ."

ಭಾವ ಇನ್ನೊಂದು ತಟ್ಟೆ ಬೋಂಡಾ ಹೇಳಿದರು. ಅಂದಿನ ಬಿಲ್ಲು ಕೊಟ್ಟವರೂ ಅವರೇ.